ಹುಳ ಅಂದ್ರೆ ಯಾವ ಹುಳ?

ಹೋದ ದೀಪಾವಳಿಗೆ ಬ್ಯಾಡಗಿಯ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ವಿ. ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ ದೊಡ್ಡಪ್ಪ ಮಾತು ತೆಗೆದರು. ಅವರ ಮಗಳು, ಅಂದ್ರೆ ನನ್ನ ಅಕ್ಕ, ಹಾವೇರಿಯಲ್ಲಿ ಬಿ.ಎಸ್ಸಿ ಮುಗಿಸಿ ಈಗ ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಎಂ.ಎಸ್ಸಿ ಕೊನೆ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡಿದ್ದು ಸಮುದ್ರದ ಹುಳಗಳನ್ನ. ಮುಂದೆ ಪಿಎಚ್.ಡಿ ಮಾಡೋ ಆಸೆ ಇದೆ ಅಂತ ಅವಳು ಹೇಳಿದ್ದೇ ತಡ,

"ಹುಳಾ ಎಣಸಾಕ ಕಾರವಾರಕ್ಕ ಹೋಗ್ಬೇಕನ? ನಮ್ಮ ತಿಪ್ಪ್ಯಾಗ ಬೇಕಾದಷ್ಟ ಅದಾವ, ಇಲ್ಲೇ ಕುಂತು ಎಣಸು" ಅಂದ್ರು ದೊಡ್ಡಪ್ಪ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜಾಸ್ತಿನೇ. ಅಕ್ಕ ನಗಲಿಲ್ಲ. "ಎಣಸೋದಲ್ಲಪ್ಪ, ಗುರ್ತು ಹಿಡಿಯೋದು" ಅಂತಷ್ಟೇ ಹೇಳಿ ತಾಟು ಎತ್ತಿಕೊಂಡು ಒಳಗೆ ಹೋದಳು.

ಅದು ಬರೀ ತಮಾಷೆ ಆಗಿರಲಿಲ್ಲ ಅಂತ ಮರುದಿನ ಗೊತ್ತಾಯ್ತು. ಪಿಎಚ್.ಡಿ ಬೇಡ, ಬಿ.ಎಡ್ ಮಾಡಿಸಿ ಬಿಡೋಣ ಅಂತ ಮನೆಯಲ್ಲಿ ಮಾತು ನಡೆದಿತ್ತು. ನನ್ನ ನಗು ಆ ಕಡೆಗೆ ಬಿದ್ದ ಒಂದು ವೋಟು. ಮನೆಯಲ್ಲಿ ಇಂಜಿನಿಯರಿಂಗ್ ಓದೋ ಹುಡುಗ ನಾನೊಬ್ಬನೇ, ಹಾಗಾಗಿ ನನ್ನ ವೋಟಿಗೆ ತೂಕ ಬೇರೆ! ಈ ಲೇಖನ ಬರೀತಿರೋದು ಆ ವೋಟನ್ನ ವಾಪಸ್ ತಗೊಳ್ಳೋದಕ್ಕೆ. ಜೊತೆಗೆ, 'ಬಯಾಲಜಿ ಫಾರ್ ಇಂಜಿನಿಯರ್ಸ್' ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತು ನನ್ನ ಹಾಗೇ ನಗೋ ಗೆಳೆಯರಿಗೂ ಇದನ್ನ ಹೇಳಬೇಕು ಅನ್ನಿಸಿತು.

ಜನವರಿ ರಜೆಯಲ್ಲಿ ಅಕ್ಕನ ಸಾಮಾನು ತಲುಪಿಸೋ ನೆಪದಲ್ಲಿ ಕಾರವಾರಕ್ಕೆ ಹೋದೆ. ಹಾವೇರಿಯಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಆಮೇಲೆ ಕಾರವಾರ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರೋದು ಅಲ್ಲಿನ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರೋ ಅಳಿವೆಯ ಹತ್ತಿರ. ಧಾರವಾಡದ ವಿಶ್ವವಿದ್ಯಾಲಯಕ್ಕೆ ಸಮುದ್ರದ ದಂಡೆ ಮೇಲೆ ಒಂದು ವಿಭಾಗ ಇದೆ ಅನ್ನೋದೇ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ.

ಸಂಜೆ ದಂಡೆ ಮೇಲೆ ನಡೀತಿದ್ದಾಗ ಅಕ್ಕ ಮರಳಿಂದ ಒಂದು ಕೊಳವೆ ಎತ್ತಿ ತೋರಿಸಿದಳು. ಬೆರಳು ದಪ್ಪ ಇತ್ತು. ಹೊರಗೆಲ್ಲ ಚಿಪ್ಪಿನ ಚೂರು, ಕಸ, ಕಡ್ಡಿ ಅಂಟಿಕೊಂಡಿತ್ತು. ನಾನು ಒಣಗಿದ ಬೇರು ಅಂದುಕೊಂಡೆ. "ಇದು ಒಂದು ಹುಳದ ಮನೆ, ಡಯೋಪಾಟ್ರ ಅಂತ. ಚಿಪ್ಪು ಆರಿಸಿ ಆರಿಸಿ ತಾನೇ ಅಂಟಿಸ್ಕೊಳ್ಳುತ್ತೆ" ಅಂದಳು. ಗೋಕರ್ಣ, ಕಾರವಾರ ಅಂತ ನಾವೆಲ್ಲ ಟ್ರಿಪ್ ಹೋಗಿ ರೀಲ್ಸ್ ಮಾಡ್ತೀವಲ್ಲ, ಕಾಲ ಕೆಳಗೆ ಇಂಥ ಸಿವಿಲ್ ಇಂಜಿನಿಯರುಗಳು ಇರ್ತಾರೆ.

ಇವಕ್ಕೆ ಇಂಗ್ಲಿಷಿನಲ್ಲಿ ಪಾಲಿಕೀಟ್ ಅಂತಾರೆ. ನಮ್ಮ 'ಕೀಟ'ಕ್ಕೂ ಇದಕ್ಕೂ ಸಂಬಂಧ ಇಲ್ಲ. ಗ್ರೀಕಿನಲ್ಲಿ ಪಾಲಿ ಅಂದ್ರೆ ಬಹಳ, ಕೀಟೆ ಅಂದ್ರೆ ಬಿರುಗೂದಲು. ಮೈಯೆಲ್ಲ ಉಂಗುರ ಉಂಗುರ, ಒಂದೊಂದು ಉಂಗುರದ ಎರಡೂ ಬದಿಗೆ ಕಾಲಿನಂಥ ಚಾಚು, ಅದರ ತುದಿಗೆ ಕೂದಲಿನ ಕಟ್ಟು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನು 'ಫೈಲಂ ಅನೆಲಿಡಾ' ಅಂತ ಬಾಯಿಪಾಠ ಮಾಡಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಕನ್ನಡ ಮೀಡಿಯಂನಲ್ಲಿ ಓದಿದ ರೂಂಮೇಟ್ ಕೇಳಿದ್ರೆ, "ಓ, ವಲಯವಂತಗಳು" ಅಂದ. ವಲಯ ಇರೋದು ವಲಯವಂತ. ಬಾಯಿಪಾಠದ ಅಗತ್ಯನೇ ಇಲ್ಲ, ಹೆಸರಲ್ಲೇ ಅರ್ಥ ಇದೆ. ಈ ಗುಂಪಿನ ಸಮುದ್ರದ ಹುಳಗಳಲ್ಲಿ ಇಲ್ಲಿವರೆಗೆ ಹೆಸರಿಟ್ಟ ಪ್ರಭೇದಗಳೇ 11,000ಕ್ಕೂ ಹೆಚ್ಚು.

ಗುರುತು ಹಿಡಿಯೋ ಕೆಲಸ ಹೇಗೆ ಅಂತ ಕೇಳಿ. ದೋಣಿಯಿಂದ ಎರಡು ದವಡೆ ಇರೋ ಕಬ್ಬಿಣದ ಗ್ರ್ಯಾಬ್ ಇಳಿಬಿಟ್ಟು ತಳದ ಕೆಸರು ಎತ್ತಬೇಕು. ಅರ್ಧ ಮಿಲಿಮೀಟರ್ ರಂಧ್ರದ ಜರಡಿಯಲ್ಲಿ ತೊಳೀಬೇಕು. ಉಳಿದದ್ದನ್ನ ಫಾರ್ಮಲಿನ್‌ನಲ್ಲಿ ಹಾಕಿ, ಹುಳ ಎದ್ದು ಕಾಣಲಿ ಅಂತ ಗುಲಾಬಿ ಬಣ್ಣ ಸೇರಿಸಬೇಕು. ಆಮೇಲೆ ಮೈಕ್ರೋಸ್ಕೋಪಿನ ಮುಂದೆ ಗಂಟೆಗಟ್ಟಲೆ ಕೂರಬೇಕು. ಕಣ್ಣು ಎಷ್ಟು? ತಲೆ ಮೇಲೆ ಮೀಸೆಯಂಥ ತಂತು ಎಷ್ಟು? ಬಿರುಗೂದಲಿನ ತುದಿ ಕೊಕ್ಕೆಯೋ, ಗರಗಸವೋ, ನಡುವೆ ಕೀಲು ಇದೆಯೋ? ಕೆಲವು ಹುಳ ಗಂಟಲನ್ನೇ ಹೊರಗೆ ಚಾಚುತ್ತವೆ. ಅದರ ಮೇಲೆ ಚುಕ್ಕಿಯಂಥ ಹಲ್ಲುಗಳು ಎಷ್ಟು, ಯಾವ ಸಾಲಲ್ಲಿ ಇವೆ ಅಂತಲೂ ನೋಡಬೇಕು. ಪಕ್ಕದಲ್ಲಿ 'ಕೀ' ಅನ್ನೋ ಪುಸ್ತಕ. ಹೌದು ಅಂದ್ರೆ 2ನೇ ಸಾಲಿಗೆ ಹೋಗಿ, ಇಲ್ಲ ಅಂದ್ರೆ 7ನೇ ಸಾಲಿಗೆ ಹೋಗಿ. ಪೂರ್ತಿ ಇಫ್-ಎಲ್ಸ್. ಭಾರತದ ಈ ಹುಳಗಳ ಬಗ್ಗೆ ಫ್ರಾನ್ಸಿನ ಪಿಯೇರ್ ಫೋವೆಲ್ ಬರೆದ ದೊಡ್ಡ ಪುಸ್ತಕ 1953ರಲ್ಲಿ ಅಲಹಾಬಾದಿನಿಂದ ಬಂತು. ಅದನ್ನ ಈಗಲೂ ತೆಗೆದು ನೋಡ್ತಾರೆ. ನಮ್ಮಲ್ಲಿ ಮೂರು ವರ್ಷದ ಹಿಂದಿನ ಟ್ಯುಟೋರಿಯಲ್ ಕೂಡ ಹಳೇದು!

"ಇಷ್ಟೆಲ್ಲ ಯಾಕೆ? ಹುಳ ಹುಳಾನೇ" ಅನ್ನಬಹುದು. ದೊಡ್ಡಪ್ಪ ಅಂದಿದ್ದೂ ಅದೇ. ಕನ್ನಡದಲ್ಲಿ 'ಹುಳ' ಅನ್ನೋ ಪದ ಎಷ್ಟು ಧಾರಾಳಿ ನೋಡಿ. ಎರೆಹುಳ ವಲಯವಂತ. ಮಿಂಚುಹುಳ ಒಂದು ದುಂಬಿ. ಭತ್ತದ ಕಾಂಡ ಕೊರೆಯೋ ಹುಳ ಪತಂಗದ ಮರಿ. ಬಸವನಹುಳ ಅಂತೂ ಶಂಖದ ಬಳಗ. ಹೊಲದಲ್ಲಿ ಹಾವು ಕಚ್ಚಿದ್ರೂ "ಹುಳ ಮುಟ್ಟೈತಿ" ಅಂತಾರೆ. ಇದು ನಮ್ಮ ಹಳ್ಳಿಯವರ ಅಜ್ಞಾನ ಅಂದುಕೊಳ್ಳಬೇಡಿ. 1758ರಲ್ಲಿ ಲಿನೇಯಸ್ ಮಾಡಿದ್ದೂ ಇದನ್ನೇ. ಅವನ ಪಟ್ಟಿಯಲ್ಲಿ 'ವರ್ಮೀಸ್' ಅಂತ ಒಂದು ವರ್ಗ. ಹುಳ, ಬಸವನಹುಳ, ಹವಳ ಎಲ್ಲ ಅದರೊಳಗೆ. ಎಲ್ಲೂ ಕೂರದ್ದನ್ನ 'ಇತರೆ' ಫೋಲ್ಡರಿಗೆ ಹಾಕ್ತೀವಲ್ಲ, ಹಾಗೆ.

ಆ ಫೋಲ್ಡರ್ ಬಿಡಿಸೋಕೆ ಇನ್ನೂರೈವತ್ತು ವರ್ಷಕ್ಕಿಂತ ಹೆಚ್ಚು ಹಿಡೀತು. 1802ರಲ್ಲಿ ಲಾಮಾರ್ಕ್ ಉಂಗುರದ ಮೈಯವುಗಳನ್ನ ಬೇರೆ ಮಾಡಿ ಅನೆಲಿಡ್ ಅಂತ ಹೆಸರಿಟ್ಟ. 1850ರಲ್ಲಿ ಗ್ರೂಬೆ ಪಾಲಿಕೀಟ ಅಂದ. ಬಹಳ ಕಾಲ ಪುಸ್ತಕಗಳಲ್ಲಿ ಸಮುದ್ರದ ಪಾಲಿಕೀಟ ಒಂದು ಕಡೆ, ಎರೆಹುಳ ಇನ್ನೊಂದು ಕಡೆ, ಜಿಗಣೆ ಮತ್ತೊಂದು ಕಡೆ ಇದ್ದವು. ನಾನು ಬಾಯಿಪಾಠ ಮಾಡಿದ್ದೂ ಹಾಗೇ. ಆಮೇಲೆ ಜೀನುಗಳನ್ನ ಹೋಲಿಸಿ ವಂಶವೃಕ್ಷ ಬರೆಯೋದು ಶುರುವಾಯ್ತು. 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯಲ್ಲೂ ಎರೆಹುಳ ಮತ್ತು ಜಿಗಣೆ ಸಮುದ್ರದ ಹುಳಗಳ ಮರದ ಒಳಗಿನ ಒಂದು ಕೊಂಬೆಯಲ್ಲೇ ಕೂತವು. ಸಿಎಸ್‌ನವರ ಭಾಷೆಯಲ್ಲಿ ಹೇಳೋದಾದ್ರೆ, ಅಣ್ಣ-ತಮ್ಮ ಅಂದುಕೊಂಡಿದ್ದ ಎರಡು ಕ್ಲಾಸುಗಳಲ್ಲಿ ಒಂದು ಇನ್ನೊಂದರ ಸಬ್‌ಕ್ಲಾಸ್. ಬ್ಯಾಡಗಿಯ ಹೊಲದಲ್ಲಿ ಮಳೆ ಬಂದಾಗ ಮೇಲೆ ಬರೋ ಎರೆಹುಳ ಕೂಡ ಮೂಲದಲ್ಲಿ ಸಮುದ್ರದ ಮನೆತನದ್ದೇ.

ಇದು ಚಂದದ ಕಥೆ ಆಯ್ತು, ಉಪಯೋಗ ಏನು? ನನ್ನ ಕಣ್ಣು ತೆರೆಸಿದ ಮೂರು ಸಂಗತಿ ಹೇಳ್ತೀನಿ.

ಮೊದಲನೇದು ರಾಣೆಬೆನ್ನೂರಿನದು. ಅಲ್ಲಿ ನಮ್ಮ ಮಾವನ ಗೊಬ್ಬರ, ಔಷಧದ ಅಂಗಡಿ ಇದೆ. ರಜೆಯಲ್ಲಿ ನಾನು ಬಿಲ್ ಬರೆಯೋಕೆ ಕೂರ್ತೀನಿ. ಭತ್ತ ಬೆಳೆಯೋರು ಕಾಂಡ ಕೊರೆಯೋ ಹುಳಕ್ಕೆ, ಎಲೆ ಸುರುಳಿ ಹುಳಕ್ಕೆ ಅಂತ ತಗೊಂಡು ಹೋಗೋ ಔಷಧಗಳಲ್ಲಿ ಒಂದು ಕಾರ್ಟಾಪ್ ಹೈಡ್ರೋಕ್ಲೋರೈಡ್. ಎಷ್ಟೋ ಪ್ಯಾಕೆಟ್ ಕೈಯಿಂದ ಕೊಟ್ಟಿದ್ದೀನಿ, ಅದು ಎಲ್ಲಿಂದ ಬಂತು ಅಂತ ಯೋಚಿಸಿರಲಿಲ್ಲ. ಜಪಾನಿನಲ್ಲಿ ಮೀನಿನ ಗಾಳಕ್ಕೆ ಸಿಕ್ಕಿಸೋ ಒಂದು ಸಮುದ್ರದ ಹುಳ ಇತ್ತು. ಸತ್ತ ಹುಳದ ಮೇಲೆ ಕೂತ ನೊಣಗಳು ಸಾಯೋದನ್ನ ಜನ ಗಮನಿಸಿದ್ದರು. 1934ರಲ್ಲಿ ನಿತ್ತ ಅನ್ನೋ ವಿಜ್ಞಾನಿ ಆ ವಿಷವನ್ನ ಬೇರ್ಪಡಿಸಿ ನೆರೀಸ್‌ಟಾಕ್ಸಿನ್ ಅಂತ ಕರೆದರು. 1960ರ ದಶಕದಲ್ಲಿ ಅದರ ರಚನೆ ನೋಡಿಕೊಂಡು ತಯಾರಿಸಿದ್ದೇ ಕಾರ್ಟಾಪ್. ಕೀಟದ ನರಗಳಲ್ಲಿ ಸಂದೇಶ ಹಿಡಿಯೋ ಜಾಗವನ್ನ ಅದು ಮುಚ್ಚಿಬಿಡುತ್ತೆ. ಸಮುದ್ರದ ಹುಳದ ವಿಷದ ನಕಲು ನಮ್ಮ ಗದ್ದೆಯ ಹುಳ ಸಾಯಿಸ್ತಿದೆ!

ಇದರಲ್ಲಿ ಹೆಸರಿನ ಕಥೆನೂ ಇದೆ. ಆ ಹುಳಕ್ಕೆ 1879ರಲ್ಲಿ ಇಟ್ಟ ಹೆಸರು ಲುಂಬ್ರಿಕೊನೆರೀಸ್ ಹೆಟೆರೊಪೋಡ. ಈಗಿನ ಪಟ್ಟಿಯಲ್ಲಿ ಅದು ಕುವೈಟ ಅನ್ನೋ ಕುಲದಲ್ಲಿದೆ. ವಿಷದ ಹೆಸರಲ್ಲಿ ನೆರೀಸ್ ಉಳಿದಿದ್ರೂ, ಹುಳ ನೆರೀಸ್ ಕುಟುಂಬದ್ದಲ್ಲ. ಯಾರಾದ್ರೂ ಇಂಥದ್ದೇ ಇನ್ನೊಂದು ವಿಷ ಹುಡುಕೋಣ ಅಂತ ಹೆಸರು ನಂಬಿಕೊಂಡು ನೆರೀಸ್ ಹಿಡಿಯೋಕೆ ಹೊರಟರೆ ತಪ್ಪು ಮನೆ ಬಾಗಿಲು ಬಡಿದ ಹಾಗೆ. ಹಳೇ ಹೆಸರು ಯಾವುದು, ಹೊಸದು ಯಾವುದು, ಎರಡೂ ಒಂದೇ ಹುಳವಾ ಅಂತ ಯಾರೋ ಕೂತು ಲೆಕ್ಕ ಇಟ್ಟಿದ್ದರಿಂದಲೇ 1934ರ ಲೇಖನ ಇವತ್ತಿಗೂ ಉಪಯೋಗಕ್ಕೆ ಬರುತ್ತೆ.

ಎರಡನೇದು ನಮ್ಮ ಸಿವಿಲ್ ಗೆಳೆಯರಿಗೆ. ಬಂದರು ಕಟ್ಟುವಾಗ, ಕೊಳಚೆ ನೀರು ಸಮುದ್ರಕ್ಕೆ ಬಿಡುವಾಗ ತಳದ ಕೆಸರಿನಲ್ಲಿ ಯಾವ ಹುಳ ಇದೆ ಅಂತ ನೋಡ್ತಾರೆ. ಹುಳ ಓಡಿಹೋಗಲ್ಲ, ನೀರು ಕೆಟ್ಟರೆ ಅಲ್ಲೇ ಸಾಯುತ್ತೆ, ಇಲ್ಲ ತಡಕೊಳ್ಳುತ್ತೆ. 2000ದಲ್ಲಿ ಸ್ಪೇನಿನ ಬೋರ್ಹಾ ಮತ್ತು ಸಂಗಡಿಗರು ಇದಕ್ಕೆ ಆಂಬಿ ಅನ್ನೋ ಸೂಚ್ಯಂಕ ಮಾಡಿದರು. ಜೀವಿಗಳನ್ನ ಐದು ಗುಂಪು ಮಾಡಿ, ಶುದ್ಧ ತಳ ಬಯಸೋ 1ನೇ ಗುಂಪಿಗೆ 0, ಆಮೇಲೆ 1.5, 3, 4.5, ಹೊಲಸಲ್ಲೂ ಬಾಳೋ 5ನೇ ಗುಂಪಿಗೆ 6 ಅಂತ ತೂಕ. ಶೇಕಡಾವಾರು ಗುಣಿಸಿ, ಕೂಡಿಸಿ 100ರಿಂದ ಭಾಗಿಸಿದ್ರೆ ಉತ್ತರ. ಒಂದು ಸ್ಯಾಂಪಲ್‌ನಲ್ಲಿ ಶೇ. 40 ಮೊದಲ ಗುಂಪು, ಶೇ. 60 ಐದನೇ ಗುಂಪು ಅಂದುಕೊಳ್ಳಿ. ಉತ್ತರ 3.6. ಅಂದ್ರೆ ಮಧ್ಯಮ ಮಟ್ಟದ ಮಾಲಿನ್ಯ. ಆ ಶೇ. 60 ಹುಳಕ್ಕೆ ಯಾರೋ ತಪ್ಪಾಗಿ ಮೂರನೇ ಗುಂಪಿನ ಹುಳದ ಹೆಸರು ಬರೆದ್ರು ಅಂದ್ರೆ ಉತ್ತರ 1.8. ಅಂದ್ರೆ ಬರೀ ಅಲ್ಪ ಮಾಲಿನ್ಯ. ಫಾರ್ಮುಲಾ ಸರಿ, ಕ್ಯಾಲ್ಕ್ಯುಲೇಟರ್ ಸರಿ, ಎಕ್ಸೆಲ್ ಶೀಟ್ ಸರಿ. ಹೆಸರು ತಪ್ಪು. ಮೀನುಗಾರರು ಬದುಕೋ ನೀರಿನ ಬಗ್ಗೆ ವರದಿ ಸುಳ್ಳಾಯ್ತು.

ಹೆಸರು ಎಷ್ಟು ಕಷ್ಟ ಅನ್ನೋದಕ್ಕೆ ಕ್ಯಾಪಿಟೆಲ್ಲ ಕ್ಯಾಪಿಟಾಟ ಸಾಕ್ಷಿ. ಗ್ರೀನ್‌ಲ್ಯಾಂಡಿನ ಈ ಹುಳಕ್ಕೆ 1780ರಲ್ಲಿ ಫ್ಯಾಬ್ರೀಶಿಯಸ್ ಹೆಸರಿಟ್ಟಾಗ ಅದನ್ನ ಎರೆಹುಳದ ಕುಲದಲ್ಲೇ ಸೇರಿಸಿದ್ದ. ಆಮೇಲೆ ಕೊಳಚೆ ಇರೋ ಕಡೆಯೆಲ್ಲ ಅಂಥದ್ದೇ ಹುಳ ಕಂಡು, ಜಗತ್ತಿನ ತುಂಬ ಅದೇ ಹೆಸರು ಬರೆದರು. ಮಾಲಿನ್ಯದ ಗುರುತು ಅಂತಲೇ ಅದು ಪ್ರಸಿದ್ಧಿ. 1976ರಲ್ಲಿ ಅಮೆರಿಕದ ಜೂಡಿತ್ ಗ್ರಾಸ್ಲ್ ಮತ್ತು ಫ್ರೆಡ್ ಗ್ರಾಸ್ಲ್ ಎಂಜೈಮುಗಳನ್ನ, ಮರಿ ಮಾಡೋ ರೀತಿಯನ್ನ ಹೋಲಿಸಿ ನೋಡಿದ್ರೆ, ಒಂದು ಅಂದುಕೊಂಡಿದ್ದ ಹುಳ ಕನಿಷ್ಠ ಆರು ಪ್ರಭೇದ! 2009ರಲ್ಲಿ ಗ್ರೀನ್‌ಲ್ಯಾಂಡಿನ ಹುಳಗಳನ್ನೇ ಮತ್ತೆ ನೋಡಿ, ಆ ಹೆಸರು ಆ ಚಳಿ ನೀರಿನ ಹುಳದ್ದು ಅಂತ ಗಟ್ಟಿ ಮಾಡಿದರು. ಹಾಗಾದ್ರೆ ನಮ್ಮಂಥ ಬಿಸಿ ನೀರಿನ ಕಡಲಲ್ಲಿ ಸಿಗೋದಕ್ಕೆ ಕಣ್ಣು ಮುಚ್ಚಿ ಅದೇ ಹೆಸರು ಬರೆಯೋ ಹಾಗಿಲ್ಲ. ಇಲ್ಲಿಯವರೇ ಯಾರಾದ್ರೂ ಕೂತು ನೋಡಬೇಕು. ಆ 'ಯಾರಾದ್ರೂ' ನಮ್ಮ ಅಕ್ಕ ಯಾಕಾಗಬಾರದು?

ಮೂರನೇದು ನಮ್ಮ ಮನೆಯದೇ. ಎರಡು ವರ್ಷದ ಹಿಂದೆ ಅಪ್ಪ ಎರೆಗೊಬ್ಬರದ ಗುಂಡಿ ಮಾಡಿದರು. ಹುಳ ಚೆನ್ನಾಗಿ ಹೆಚ್ಚಿದವು. ಹೊಲಾನೂ ಉಳುತ್ತವೆ ಅಂತ ಇನ್ನೂ ಎರಡು ಕೆ.ಜಿ. ಹುಳ ದುಡ್ಡು ಕೊಟ್ಟು ತಂದು ಮೆಣಸಿನಕಾಯಿ ಹೊಲಕ್ಕೆ ಬಿಟ್ಟರು. ಕೆಲವೇ ವಾರದಲ್ಲಿ ಒಂದೂ ಇಲ್ಲ. ಮಾರಿದವರು ಹೇಳಿದ್ದು 'ಎರೆಹುಳ' ಅಂತಷ್ಟೇ. ಅಕ್ಕ ಗುಂಡಿಯ ಹುಳ ನೋಡಿ ಹೇಳಿದಳು: ಇದು ಯುಡ್ರಿಲಸ್ ಯೂಜೀನಿಯೆ, ಆಫ್ರಿಕಾ ಮೂಲದ್ದು, ಕೊಳೆಯೋ ಸಗಣಿ-ಎಲೆಯಲ್ಲಿ ಬಾಳುತ್ತೆ, ಬರಿ ಮಣ್ಣಲ್ಲಿ ಅಲ್ಲ. ಹೊಲದ ಒಳಗೆ ಬಿಲ ಕೊರೆಯೋ ಎರೆಹುಳವೇ ಬೇರೆ. ಅಂದಹಾಗೆ ಈ ಹುಳಕ್ಕೆ 1867ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಕಿನ್‌ಬರ್ಗ್. 1851ರಿಂದ 53ರವರೆಗೆ ಯೂಜಿನಿ ಅನ್ನೋ ಹಡಗಲ್ಲಿ ವೈದ್ಯನಾಗಿ ಲೋಕ ಸುತ್ತಿ, ಸಮುದ್ರದ ಹುಳಗಳನ್ನ ರಾಶಿ ರಾಶಿ ವರ್ಣಿಸಿದವನು. ಸಮುದ್ರದ ಹುಳ ಓದಿದವರ ಕಣ್ಣು ತಿಪ್ಪೆಗೂ ಉಪಯೋಗಕ್ಕೆ ಬರುತ್ತೆ ಅಂತ ದೊಡ್ಡಪ್ಪನಿಗೆ ಹೇಳಬೇಕಿತ್ತು!

ಈಗ ನಮ್ಮವರ ಪ್ರಶ್ನೆ ಬರುತ್ತೆ. "ಡಿಎನ್‌ಎ ಮಷೀನ್ ಇದೆ, ಎಐ ಇದೆ. ಫೋಟೋ ಹಾಕಿದ್ರೆ ಹೆಸರು ಬರುತ್ತೆ. ಮನುಷ್ಯರು ಯಾಕೆ?" ಯಂತ್ರ ಬೇಡ ಅಂತ ನಾನು ಹೇಳ್ತಿಲ್ಲ. ಕ್ಯಾಪಿಟೆಲ್ಲದ ಗುಟ್ಟು ರಟ್ಟಾಗಿದ್ದೇ ಲ್ಯಾಬ್ ಪರೀಕ್ಷೆಯಿಂದ. ಆದ್ರೆ ಮೆಷೀನ್ ಲರ್ನಿಂಗ್ ಓದೋ ನಮಗೆ ಗೊತ್ತಿರಬೇಕು: ಲೇಬಲ್ ತಪ್ಪಿದ್ರೆ ಮಾಡೆಲ್ ತಪ್ಪನ್ನೇ ಕಲಿಯುತ್ತೆ, ಅದೂ ಬಹಳ ಧೈರ್ಯವಾಗಿ. ಡಿಎನ್‌ಎ ಹೋಲಿಸೋಕೂ ಮೊದಲು ಒಂದು ಸರಿಯಾದ ಹೆಸರಿನ ಮಾದರಿ ಬೇಕು. ಆ ಮೊದಲ ಲೇಬಲ್ ಅಂಟಿಸೋದು ಮೈಕ್ರೋಸ್ಕೋಪಿನ ಮುಂದೆ ಕೂತ ಮನುಷ್ಯರೇ. ಅವರು ಕಮ್ಮಿ ಆದ್ರೆ ನಮ್ಮ ಮಾಡೆಲ್ ಯಾರನ್ನ ನೋಡಿ ಕಲಿಯುತ್ತೆ?

"ಕೆಲಸ ಸಿಗುತ್ತಾ?" ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಅಷ್ಟು ಸುಲಭದ ಉತ್ತರ ಇಲ್ಲ. ದೊಡ್ಡಪ್ಪನ ಚಿಂತೆ ಸುಳ್ಳಲ್ಲ. ನಾಲ್ಕೈದು ವರ್ಷ ಮಗಳನ್ನ ಇನ್ನೂ ಓದಿಸಬೇಕು, ಒಂದು ವರ್ಷ ಮೆಣಸಿನಕಾಯಿ ರೇಟ್ ಬಿದ್ದರೆ ಏನು ಗತಿ ಅಂತ ಲೆಕ್ಕ ಹಾಕೋರು ಅವರು. ಆ ಚಿಂತೆಗೆ ನಾನು ನಗಲ್ಲ. ಆದ್ರೆ 'ಕೆಲಸ ಸಿಗೋದು ಕಷ್ಟ' ಅನ್ನೋದು ಬೇರೆ, 'ಕೆಲಸಕ್ಕೆ ಬಾರದ ವಿದ್ಯೆ' ಅನ್ನೋದು ಬೇರೆ. ನಾವು ಮೊದಲನೇದನ್ನ ಹೇಳಬೇಕಾದ ಕಡೆ ಎರಡನೇದನ್ನ ಹೇಳಿ ನಗ್ತೀವಿ. ಅದು ತಪ್ಪು.

ಹೋದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪ ಕಣದಲ್ಲಿ ಮೆಣಸಿನಕಾಯಿ ಆರಿಸ್ತಿದ್ದರು. ಗಿಡ್ಡಗೆ ದುಂಡಗೆ ಇರೋ ಡಬ್ಬಿ ಒಂದು ಕಡೆ, ಉದ್ದಕ್ಕೆ ಸಪೂರ ಇರೋ ಕಡ್ಡಿ ಇನ್ನೊಂದು ಕಡೆ. ಸುಕ್ಕು ನೋಡಿ, ಬಣ್ಣ ನೋಡಿ, ಒಂದೊಂದನ್ನೇ. ನಾನು ಬೇಕಂತಲೇ ಕೇಳಿದೆ, "ದೊಡ್ಡಪ್ಪಾ, ಎಲ್ಲಾ ಮೆಣಸಿನಕಾಯೇ ಅಲ್ಲೇನು?"

"ಹುಚ್ಚದಿಯೇನೋ? ಎಲ್ಲಾ ಒಂದ ಅಂದ್ರ ರೇಟ್ ಹೆಂಗ ಕಟ್ಟತಾರ?"

"ಅಕ್ಕ ಮಾಡೋದೂ ಅದನ್ನ ರೀ."

ಅವರು ಮಾತಾಡಲಿಲ್ಲ. ಕೈಯಲ್ಲಿದ್ದ ಕಾಯಿಯನ್ನ ಡಬ್ಬಿ ಕಡೆಗೆ ಹಾಕಿದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದೂ ಒಂದು ಹೆಸರನ್ನ ಉಳಿಸಿಕೊಳ್ಳೋಕೇ ಅಲ್ವಾ? ನಮ್ಮ ಊರಿನ ಮಾರ್ಕೆಟ್ ನಿಂತಿರೋದೇ ಗುರುತು ಹಿಡಿಯೋರ ಕಣ್ಣಿನ ಮೇಲೆ. ಬಿ.ಎಡ್ ಮಾತು ಇನ್ನೂ ಪೂರ್ತಿ ನಿಂತಿಲ್ಲ, ಆದ್ರೆ ತಿಪ್ಪೆಯ ಜೋಕ್ ನಿಂತಿದೆ.

ನಾವೇನು ಮಾಡಬಹುದು? ದೊಡ್ಡದೇನೂ ಬೇಡ. ಪಕ್ಕದ ಡಿಗ್ರಿ ಕಾಲೇಜಿನ ಬಿ.ಎಸ್ಸಿ ಗೆಳೆಯರನ್ನ ನಮ್ಮ ಟೆಕ್ ಫೆಸ್ಟಿಗೆ ಕರೆಯೋಣ, ಅವರ ಹತ್ತಿರ ಇರೋ ಸಮಸ್ಯೆ ಕೇಳೋಣ. ಕನ್ನಡ ಸಂಘದವರು ಇಂಥ ಹುಳಗಳಿಗೆ ಕನ್ನಡದಲ್ಲಿ ಏನಂತ ಕರೀಬಹುದು ಅಂತ ಒಂದು ಗೋಷ್ಠಿ ಇಟ್ಟರೆ ನಾನು ಮೊದಲ ಸಾಲಲ್ಲಿ ಕೂರ್ತೀನಿ. ಹಿಂದಿನ ಬೆಂಚ್ ಬಿಟ್ಟೆ.

ನಾನು ಶುರು ಮಾಡಿದ್ದು ಇಷ್ಟೇ. ಸಮುದ್ರದ ಜೀವಿಗಳ ಹೆಸರಿಗೆಲ್ಲ 'ವರ್ಲ್ಡ್ ರಿಜಿಸ್ಟರ್ ಆಫ್ ಮರೀನ್ ಸ್ಪೀಷೀಸ್' ಅಂತ ಒಂದು ಡೇಟಾಬೇಸ್ ಇದೆ. ಚಿಕ್ಕದಾಗಿ 'ವರ್ಮ್ಸ್'! ಬೆಲ್ಜಿಯಂನವರು ನಡೆಸ್ತಾರೆ. ಪ್ರತಿ ಹೆಸರಿಗೂ ಒಂದು ಐಡಿ, ಹಳೇ ಹೆಸರಾದ್ರೆ ಈಗಿನ ಹೆಸರಿಗೆ ದಾರಿ. ಡಿಬಿಎಂಎಸ್ ಕ್ಲಾಸಿನ ಪ್ರೈಮರಿ ಕೀ ನನಗೆ ಸರಿಯಾಗಿ ಅರ್ಥ ಆಗಿದ್ದು ಅಲ್ಲೇ. ಅಕ್ಕನ ಹತ್ತಿರ ಇದ್ದ ಹಳೇ ಪಟ್ಟಿಗಳನ್ನ ಅದರ ಜೊತೆ ಹೋಲಿಸೋಕೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟೆ. ಸಬ್‌ಮಿಷನ್ನಿಗಲ್ಲದೆ ನಾನು ಬರೆದ ಮೊದಲ ಕೋಡ್ ಅದು. ಎಲ್ಲ ಹೊಂದಿದವು, ಒಂದು ಹೆಸರು ಬಿಟ್ಟು.

"ಇದೊಂದನ್ನ ಸ್ಕಿಪ್ ಮಾಡ್ಲಾ ಅಕ್ಕಾ?" ಅಂತ ಫೋನ್ ಮಾಡಿ ಕೇಳಿದೆ.

"ಬ್ಯಾಡ ತಮ್ಮಾ" ಅಂದ್ಲು. "ಬಾಟ್ಲಿ ಇನ್ನೂ ಲ್ಯಾಬ್‌ನ್ಯಾಗ ಐತಿ. ನಾಳೆ ಹುಳಾ ಮತ್ತೊಮ್ಮೆ ನೋಡ್ತೀನಿ."